ಲೇನ್, ಫ್ರಾಂಕ್ಲಿನ್ ನೈಟ್ (1864–1921)

ಅಮೆರಿಕ ಸಂಯುಕ್ತ ಸಂಸ್ಥಾನಗಳ ನ್ಯಾಯವಾದಿ, ಪತ್ರಿಕೋದ್ಯೋಗಿ, ರಾಜಕಾರಣಿ. 1899ರಿಂದ 1904ರ ಆರಂಭದವರೆಗೆ ಸ್ಯಾನ್ ಫ್ರಾನ್ಸಿಸ್ಕೊ ನಗರದ ವಕೀಲರು, 1906ರಿಂದ 1913ರವರೆಗೆ ರೈಲ್ವೆಗಳ ನಿಯಂತ್ರಣ ಹೊಂದಿದ್ದ ಅಂತರರಾಜ್ಯ ವಾಣಿಜ್ಯ ಆಯೋಗದ ಸದಸ್ಯರು, ಅನಂತರ 1920ರವರೆಗೆ ಅಧ್ಯಕ್ಷ ವುಡ್ರೋ ವಿಲ್ಸನ್ನರ ಮಂತ್ರಿಮಂಡಲದಲ್ಲಿ ಸಾರ್ವಜನಿಕ ಭೂಮಿ, ಗಣಿ, ರಾಷ್ಟ್ರೀಯ ಉದ್ಯಾನಗಳ ಹೊಣೆ ಹೊತ್ತ ಆಂತರಿಕ ಇಲಾಖೆಯ ಸಚಿವರು. ಇವರ ಹೆಸರು ಹೆಚ್ಚಾಗಿ ಕೇಳಿಬರುವುದು ಮಂತ್ರಿಪದವಿಯ ಸಂಬಂಧದಲ್ಲಿ. ಆದರೆ ಸಾಮಾನ್ಯ ವರ್ತಕನೂ ರೈತನೂ ತೆರುತ್ತಿದ್ದ ಸಾಗಣೆಯ ಬಾಡಿಗೆಯನ್ನು ನ್ಯಾಯದ ಅಳತೆಗೆ ತಂದ ಇವರ ಮುಖ್ಯ ಕಾರ್ಯ ನಡೆದದ್ದು ಆಯೋಗದಲ್ಲಿ. ಆದುದರಿಂದ ಆ ಏಳು ವರ್ಷಗಳಿಗೆ ಇಲ್ಲಿ ಹೆಚ್ಚಿನ ಸ್ಥಳ ಸಲ್ಲಬೇಕಾಗಿದೆ.

ಲೇನರು ಹುಟ್ಟಿದ್ದು 1864ರ ಜುಲೈ 15ರಂದು, ಇಂದಿನ ಕೆನಡದ ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲಿ. ಬಾಲ್ಯದಲ್ಲಿಯೇ ಕುಟುಂಬ ಕ್ಯಾಲಿಫೋರ್ನಿಯಕ್ಕೆ ವಲಸೆ ಬಂದಿತು. ಬರ್ಕ್ಲಿಯ ವಿಶ್ವವಿದ್ಯಾನಿಲಯದಲ್ಲಿ ಕೆಲಕಾಲ ಓದಿ ಪದವಿ ಪಡೆಯದೆಯೇ ಹೊರಬಂದ ಅವರು 1888ರಲ್ಲಿ ವಕೀಲಿ ವೃತ್ತಿಗೆ ಅರ್ಹರಾದರೂ, ಮನಸ್ಸು ಪತ್ರಿಕೆಯ ಕಡೆಗೇ ಎಳೆಯುತ್ತಿದ್ದುದರಿಂದ ವಾಷಿಂಗ್ಟನ್ ಸಂಸ್ಥಾನದ ಟಕೋಮದಲ್ಲಿ ಒಂದು ದಿನಪತ್ರಿಕೆಯ ಪಾಲುದಾರರಾಗಿ ನಗರಾಡಳಿತದ ಭ್ರಷ್ಟಾಚಾರದ ವಿರುದ್ಧ ಬರೆದರು. ಪತ್ರಿಕೆ 1894ರಲ್ಲಿ ದಿವಾಳಿಯಾಯಿತು. ಸ್ಯಾನ್ ಫ್ರಾನ್ಸಿಸ್ಕೊಗೆ ಹಿಂದಿರುಗಿ ಸಹೋದರನೊಡನೆ ವಕೀಲಿ ಹಿಡಿದರು.

ಆಗ ಆ ನಗರದಲ್ಲಿ ಮೇಯರ್ ಜೇಮ್ಸ್ ಫೀಲನ್ನರ ನೇತೃತ್ವದಲ್ಲಿ ಸುಧಾರಣಾಪಕ್ಷದವರು ಹೊಸದೊಂದು ನಗರ ಸನ್ನದಿಗಾಗಿ ಶ್ರಮಿಸುತ್ತಿದ್ದರು. ಅದರ ರಚನೆಯಲ್ಲಿ ಲೇನರು ನೆರವಾದರು. ಸನ್ನದು ಇವರದೇ ಕೃತಿಯೆಂಬ ಮಾತು ಉತ್ಪ್ರೇಕ್ಷೆ. 1898, 1899, 1901 ಹೀಗೆ ಮೂರು ಬಾರಿ ಇವರು ನಗರದ ವಕೀಲರಾಗಿ ಚುನಾಯಿತರಾದರು. ಮೊದಲ ಎರಡು ಚುನಾವಣೆಗಳು ಒಂದೇ ವರ್ಷದ ಅಂತರದಲ್ಲಿ ನಡೆದುದಕ್ಕೆ ಕಾರಣ, 1900ರ ಜನವರಿಯಲ್ಲಿ ಹೊಸ ಸನ್ನದು ಜಾರಿಗೆ ಬರುವಾಗ ಅಧಿಕಾರಿಗಳೆಲ್ಲರನ್ನೂ ಹೊಸದಾಗಿ ಆರಿಸಬೇಕಾದುದು. ಈ ಹುದ್ದೆಯಲ್ಲಿ ಎದುರಾದ ಒಂದು ವಿಷಯ ಅವರ ಮುಂದಿನ ಜೀವನಕ್ಕೆ ಪೂರ್ವಪೀಠಿಕೆಯಾಯಿತೆನ್ನಬಹುದು. ಊರಿಗೆ ನೀರು ಒದಗಿಸುತ್ತಿದ್ದ ಸ್ಪ್ರಿಂಗ್ ವ್ಯಾಲಿ ಎಂಬ ಖಾಸಗಿ ಕಂಪನಿಯ ನೀರಿನ ದರವನ್ನು ಕ್ಯಾಲಿಫೋರ್ನಿಯದ 1879ರ ಸಂವಿಧಾನದಂತೆ ನಗರಸಭೆ ವರ್ಷವರ್ಷವೂ ಗೊತ್ತುಮಾಡಬೇಕಾಗಿದ್ದಿತು. ಕಂಪನಿ ಆ ದರಗಳನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುತ್ತಿದ್ದಿತು. ಬಂಡವಾಳದ ನಿಜವಾದ ಮೌಲ್ಯವೆಷ್ಟು, ಅದರ ಮೇಲೆ ನ್ಯಾಯವಾದ ಪ್ರತಿಫಲವೆಷ್ಟು ಎಂಬ ಪ್ರಶ್ನೆಯೇ ಮುಂದೆ ನೀರಿನ ಕೊಳವೆಯನ್ನು ಬಿಟ್ಟು ರೈಲುಹಳಿಯ ರೂಪದಲ್ಲಿ ಅವರ ಮುಂದೆ ಬಂದು ನಿಂತಿತು.

1902ರಲ್ಲಿ ಡೆಮೊಕ್ರಾಟಿಕ್ ಪಕ್ಷದ ಅಭ್ಯರ್ಥಿಯಾಗಿ ಕ್ಯಾಲಿಫೋರ್ನಿಯದ ರಾಜ್ಯಪಾಲ ಪದವಿಗೆ ಸ್ಪರ್ಧಿಸಿದ ಲೇನರು ಜಾರ್ಜ್ ಪಾರ್ಡಿಯವರೆದುರು ಕೇವಲ 2,549 ಮತಗಳಿಂದ ಸೋತರು. ತಾಂತ್ರಿಕ ಕಾರಣಗಳಿಗಾಗಿ ಎಂಟು ಹತ್ತು ಸಾವಿರ ಮತಪತ್ರಗಳು ತಿರಸ್ಕೃತವಾದುವೆಂದೂ ಅವು ಎಣಿಕೆಗೆ ಬಂದಿದ್ದರೆ ಫಲಿತಾಂಶ ಬೇರೆಯಾಗುತ್ತಿತ್ತೆಂದೂ ಬೆಂಬಲಿಗರು ಹೇಳಿದ್ದುಂಟು. ಆದರೆ ತಿರಸ್ಕೃತ ಮತಗಳೆಲ್ಲ ಒಬ್ಬರಿಗೇ ಸಲ್ಲುತ್ತಿದ್ದುವೆಂದು ಭಾವಿಸಲು ಆಧಾರವಿಲ್ಲದುದರಿಂದ ಆ ಸಂಖ್ಯೆಯಿಂದ ಏನನ್ನೂ ಸಾಧಿಸಿದಂತಾಗುವುದಿಲ್ಲ. ಮರುವರ್ಷದ ಮೇಯರ್ ಚುನಾವಣೆಯಲ್ಲಿ ಕಾರ್ಮಿಕ ಪಕ್ಷದ ಯೂಜೀನ್ ಶ್ಮಿಟ್ಸ್ ಗೆದ್ದರು, ಲೇನರು ಮೂರನೆಯವರಾದರು. 1901ರ ಗಾಡಿಯಾಳುಗಳ ಮುಷ್ಕರದ ಕಾಲದಲ್ಲಿ ಫೀಲನ್ ಆಡಳಿತ ನಡೆದುಕೊಂಡ ರೀತಿಯಿಂದ ಮುನಿದಿದ್ದ ಕಾರ್ಮಿಕರು ಸುಧಾರಕರ ಕೈಬಿಟ್ಟಿದ್ದರು.

ಹೀಗೆ ಚುನಾವಣೆಯ ದಾರಿ ಮುಚ್ಚಿದಾಗ, ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಅಧ್ಯಕ್ಷ ಬೆಂಜಮಿನ್ ಐಡ್ ವ್ಹೀಲರರ ಶಿಫಾರಸಿನ ಮೇರೆಗೆ, ರಿಪಬ್ಲಿಕನ್ ಪಕ್ಷದವರಾದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರು 1905ರ ಡಿಸೆಂಬರಿನಲ್ಲಿ ಲೇನರನ್ನು ಆಯೋಗಕ್ಕೆ ನಾಮಕರಣ ಮಾಡಿದರು. ಸೆನೆಟ್ಟಿನ ಒಪ್ಪಿಗೆ ಅರ್ಧ ವರ್ಷಕ್ಕೂ ಹೆಚ್ಚು ಕಾಲ ತಡವಾಯಿತು. ಅರ್ಹತೆಯ ಪ್ರಶ್ನೆ ಇಲ್ಲಿ ಏಳಲಿಲ್ಲ. ತೆರವಾದ ಸ್ಥಾನ ರಿಪಬ್ಲಿಕನ್ ಸದಸ್ಯರದಾಗಿದ್ದು, ಲೇನರು ಬಂದಲ್ಲಿ ಐವರ ಆಯೋಗದಲ್ಲಿ ಮೂವರು ಡೆಮೊಕ್ರಾಟರಾಗುತ್ತಿದ್ದರು. 1906ರ ಜೂನ್ 29ರಂದು ಹೆಪ್‌ಬರ್ನ್ ಶಾಸನ ಆಯೋಗವನ್ನು ಏಳು ಸದಸ್ಯರಿಗೆ ವಿಸ್ತರಿಸಿ, ಗರಿಷ್ಠ ದರವನ್ನು ವಿಧಿಸುವ ಅಧಿಕಾರವನ್ನೂ ಅದಕ್ಕೆ ಕೊಟ್ಟಿತು; ಅಂದೇ ಲೇನರ ನೇಮಕವೂ ಸ್ಥಿರವಾಯಿತು. ಈ ನಡುವೆ ಏಪ್ರಿಲ್ 18ರ ಭೂಕಂಪವೂ ಬೆಂಕಿಯೂ ಸ್ಯಾನ್ ಫ್ರಾನ್ಸಿಸ್ಕೊವನ್ನು ಹಾಳುಗೆಡವಿದಾಗ ಅವರು ಕೊಲ್ಲಿಯನ್ನು ದಾಟಿ ಬಂದು ಪರಿಹಾರಕಾರ್ಯದಲ್ಲಿ ತೊಡಗಿದ್ದರು.

ಆಯೋಗದ ಮೊದಲ ಚಳಿಗಾಲದಲ್ಲಿಯೇ ಉತ್ತರದ ಬಯಲುಸೀಮೆಯಲ್ಲಿ ವ್ಯಾಗನ್ನುಗಳ ಅಭಾವದಿಂದ ಧಾನ್ಯ ಹೊರಹೋಗದೆ, ಕಲ್ಲಿದ್ದಲು ಒಳಬರದೆ ಜನ ತೊಂದರೆಗೀಡಾದರು. ಲೇನರು ಸಹಸದಸ್ಯ ಜೇಮ್ಸ್ ಹಾರ್ಲನ್ನರೊಡನೆ ಅದರ ವಿಚಾರಣೆ ನಡೆಸಿದರು. 1907ರಲ್ಲಿ ಯೂನಿಯನ್ ಪೆಸಿಫಿಕ್ಕಿನ ಒಡೆಯ ಇ. ಎಚ್. ಹ್ಯಾರಿಮನ್ನರ ಷೇರು ವ್ಯವಹಾರಗಳ ತನಿಖೆಯಾಯಿತು. ಹ್ಯಾರಿಮನ್ನರು ಕೆಲವು ಪ್ರಶ್ನೆಗಳಿಗೆ ಉತ್ತರ ಕೊಡಲೊಲ್ಲದೆ ಹೋಗಲು, 1908ರಲ್ಲಿ ಸರ್ವೋಚ್ಚ ನ್ಯಾಯಾಲಯ ಅವರ ಪಕ್ಷವನ್ನೇ ಎತ್ತಿಹಿಡಿದು, ಆಯೋಗದ ಪ್ರಶ್ನಾಧಿಕಾರಕ್ಕೆ ಮಿತಿ ಹಾಕಿತು.

ಲೇನರ ಕೀರ್ತಿಗೆ ನಿಜವಾದ ಆಧಾರ ನೆವಾಡದ ರೀನೊ ಪಟ್ಟಣದ ಪ್ರಕರಣ. ಒಮಾಹದಿಂದ ಪಶ್ಚಿಮಕ್ಕೆ ಹೊರಟ ಗೂಡ್ಸ್ ಗಾಡಿ ರೀನೊವನ್ನು ಹಾದು, ಸಿಯೆರ್ರ ಪರ್ವತವನ್ನು ಹತ್ತಿ ಇಳಿದು, 154 ಮೈಲಿ ಮುಂದಿನ ಸ್ಯಾಕ್ರಮೆಂಟೊ ತಲಪುತ್ತಿದ್ದಿತು. ಮೊದಲ ದರ್ಜೆಯ ಸರಕಿನ 20,000 ಪೌಂಡಿಗೆ ಸ್ಯಾಕ್ರಮೆಂಟೊವರೆಗೆ ಬಾಡಿಗೆ 600 ಡಾಲರು. ಅದೇ ಸರಕನ್ನು ದಾರಿಯ ರೀನೊದಲ್ಲಿಯೇ ಇಳಿಸಿಕೊಂಡರೆ 858 ಡಾಲರು. ಹೆಚ್ಚುವರಿ 258 ಡಾಲರು ಸ್ಯಾಕ್ರಮೆಂಟೊದಿಂದ ರೀನೊಗೆ ಹಿಂದಕ್ಕೆ ತರುವ ಬಾಡಿಗೆ. ಸರಕು ಮಾಡದೇ ಇದ್ದ ಪ್ರಯಾಣಕ್ಕೆ ರೀನೊದ ಅಂಗಡಿಯವನು ಹಣ ತೆರುತ್ತಿದ್ದನು. ಕರಾವಳಿಯ ಊರುಗಳಿಗೆ ಹಡಗಿನ ಪೈಪೋಟಿಯಿರುವುದರಿಂದ ಅಲ್ಲಿ ದರವನ್ನು ಇಳಿಸದೆ ವಿಧಿಯಿಲ್ಲ, ಒಳನಾಡಿಗೆ ಆ ಲಾಭ ಸಲ್ಲದು ಎಂಬುದು ಕಂಪನಿಗಳ ವಾದ. ಸಮೀಪದ ಊರಿಗೆ ದೂರದ ಊರಿಗಿಂತ ಹೆಚ್ಚು ತೆಗೆದುಕೊಳ್ಳಬಾರದೆಂದು 1887ರ ಮೂಲ ಶಾಸನವೇ ಹೇಳಿದ್ದರೂ, ಸದೃಶ ಪರಿಸ್ಥಿತಿಗಳಿದ್ದಲ್ಲಿ ಮಾತ್ರ ಎಂಬ ಷರತ್ತನ್ನು 1897ರಲ್ಲಿ ಸರ್ವೋಚ್ಚ ನ್ಯಾಯಾಲಯ ವ್ಯಾಖ್ಯಾನಿಸಿದ ರೀತಿಯಿಂದ ಆ ವಿಧಿ ನಿರ್ಜೀವವಾಗಿದ್ದಿತು.

ಈ ವಿಷಯದಲ್ಲಿ ಲೇನರು ಬರೆದ ತೀರ್ಪುಗಳು ಎರಡು. ಅವನ್ನು ಒಂದಾಗಿ ಎಣಿಸಬಾರದು. 1910ರದು ರೀನೊ ದರಗಳ ನ್ಯಾಯಾನ್ಯಾಯವನ್ನು ಮಾತ್ರ ಪರಿಶೀಲಿಸಿತು. ಅದೇ ವರ್ಷದ ಜೂನ್ ತಿಂಗಳಲ್ಲಿ ಮ್ಯಾನ್–ಎಲ್ಕಿನ್ಸ್ ಶಾಸನ ಆ ಷರತ್ತನ್ನು ತೆಗೆದುಹಾಕಿದ ಮೇಲೆ ಹೊರಬಿದ್ದ 1911ರ ತೀರ್ಪು ದೇಶವನ್ನು ವಲಯಗಳಾಗಿ ವಿಂಗಡಿಸಿತು: ಮಿಸೂರಿ ನದಿಯ ಪ್ರದೇಶದಿಂದ ಬರುವ ಸರಕಿಗೆ ನಡುದಾರಿಯ ಊರುಗಳಲ್ಲಿ ಕರಾವಳಿಗಿಂತ ಹೆಚ್ಚು ಬಾಡಿಗೆ ಕೂಡದು, ಪೂರ್ವಕ್ಕೆ ಸರಿದಂತೆ ಕ್ರಮವಾಗಿ ಶೇಕಡ 7, 15, 25ರವರೆಗೆ ಹೆಚ್ಚಿಸಬಹುದು. ವಾಣಿಜ್ಯ ನ್ಯಾಯಾಲಯ ಇದಕ್ಕೆ ತಡೆಯೊಡ್ಡಿತು. 1914ರ ಜೂನ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಮುಖ್ಯ ನ್ಯಾಯಾಧೀಶ ವೈಟರ ಅಭಿಪ್ರಾಯದ ಮೂಲಕ ಆಯೋಗವನ್ನು ಎತ್ತಿಹಿಡಿದಾಗ ಲೇನರು ಅಲ್ಲಿಂದ ಹೊರಟು ವರ್ಷ ಕಳೆದಿದ್ದಿತು. ಕಂಪನಿಗಳ ಸ್ವೇಚ್ಛೆಗೆ ಬಿಟ್ಟಿದ್ದ ಊರೂರುಗಳ ಭಾಗ್ಯ ಸಾರ್ವಜನಿಕ ವಿಚಾರಣೆಗೆ ಒಳಪಟ್ಟದ್ದು ಇಲ್ಲಿ; ಅವರ ಜೀವನದ ಸಂಧಿಕಾಲವನ್ನು 1913ರಲ್ಲಿ ಹುಡುಕದೆ 1910–11ರಲ್ಲಿ ಗುರುತಿಸುವುದು ಯುಕ್ತ.

ವಿವಾದ ಹೆಚ್ಚಾಗಿರುವುದು 1911ರ ಫೆಬ್ರವರಿಯ ತೀರ್ಪಿನ ಸುತ್ತ. ಪಶ್ಚಿಮದ ರೈಲ್ವೆಗಳು ಕೇಳಿದ ದರವೃದ್ಧಿಯನ್ನು ಲೇನರ ಲೇಖನಿಯೂ, ಪೂರ್ವದವುಗಳದನ್ನು ಚಾರ್ಲ್ಸ್ ಪ್ರೌಟಿಯವರ ಲೇಖನಿಯೂ ನಿರಾಕರಿಸಿದುವು. ವೃದ್ಧಿಯ ಆವಶ್ಯಕತೆಯನ್ನು ರುಜುವಾತು ಮಾಡುವ ಭಾರ ಈಗ ಕಂಪನಿಗಳ ಮೇಲಿದ್ದು, ಅವು ಅದನ್ನು ನಿರ್ವಹಿಸಲಿಲ್ಲವೆಂಬುದು ಮುಖ್ಯ ಕಾರಣ. ಈ ನಿರಾಕರಣೆಯಿಂದ ರೈಲ್ವೆಗಳಿಗೆ ಬಂಡವಾಳದ ಬರ ತಟ್ಟಿ, 1917ರ ಯುದ್ಧಕಾಲದಲ್ಲಿ ಸರ್ಕಾರ ಅವುಗಳನ್ನು ವಶಪಡಿಸಿಕೊಳ್ಳಬೇಕಾದ ದುಃಸ್ಥಿತಿ ಬಂದಿತೆಂದು ಇತಿಹಾಸಕಾರ ಆಲ್ಬ್ರೊ ಮಾರ್ಟಿನ್ 1971ರಲ್ಲಿ ವಾದಿಸಿದರು. ಅದಕ್ಕೂ ಮೊದಲು, 1965ರಲ್ಲಿ, ನಿಯಂತ್ರಣವೆಂಬುದನ್ನು ರೈಲ್ವೆಗಳೇ ತಮ್ಮ ಹಿತಕ್ಕಾಗಿ ಬಯಸಿದ್ದುವೆಂದು ಇತಿಹಾಸಕಾರ ಗೇಬ್ರಿಯಲ್ ಕೋಲ್ಕೊ ಪ್ರತಿಪಾದಿಸಿದ್ದರು. ಎರಡೂ ಮಾತು ಒಟ್ಟಿಗೆ ಪೂರ್ಣಸತ್ಯವಾಗಲಾರವು. ರೀನೊ ಪ್ರಕರಣದಲ್ಲಿ ಕಂಪನಿಗಳು ಮೂರು ವರ್ಷ ಹೋರಾಡಿದುದನ್ನು ನೋಡಿದರೆ ಕೋಲ್ಕೊ ಅವರ ವಾದ ಲೇನರ ಕಾಲಕ್ಕೆ ಸರಿಹೊಂದುವುದು ಕಷ್ಟ. ಮಾರ್ಟಿನ್ನರ ಆಕ್ಷೇಪಣೆ ಹೆಚ್ಚು ಗಂಭೀರವಾದುದಾದರೂ, ಲೆಕ್ಕವನ್ನು ಮುಂದಿಡದೆ ದರವನ್ನು ಮಾತ್ರ ಕೇಳಿದವರಿಗೆ ಆಯೋಗ ಬೇರೇನು ಉತ್ತರ ಕೊಡಬಹುದಾಗಿದ್ದಿತೆಂಬುದನ್ನು ಅದು ತೃಪ್ತಿಕರವಾಗಿ ತಿಳಿಸುವುದಿಲ್ಲ.

1912ರಲ್ಲಿ ಲೇನರು ಪಾರ್ಸೆಲ್ ಸಾಗಿಸುತ್ತಿದ್ದ ಎಕ್ಸ್‌ಪ್ರೆಸ್ ಕಂಪನಿಗಳ ದರಗಳ ಬಗೆಗೆ ವರದಿ ಸಲ್ಲಿಸಿದರು. ಒಂದೊಂದು ಕಚೇರಿಯಿಂದ ಇನ್ನೊಂದಕ್ಕೆ ಬೇರೆಬೇರೆಯಾಗಿ ನಮೂದಿಸಿದ್ದ, ಗುಮಾಸ್ತರಿಗೂ ಅರ್ಥವಾಗದ ದರಪಟ್ಟಿಯ ಬದಲು, ಅಕ್ಷಾಂಶ ರೇಖಾಂಶಗಳನ್ನನುಸರಿಸಿ ದೇಶವನ್ನು ಸುಮಾರು 950 ಚೌಕಗಳಾಗಿ ಭಾಗಿಸಿ, ಚೌಕದಿಂದ ಚೌಕಕ್ಕೆ ಒಂದೇ ದರವಿಡುವ ಕ್ರಮ ಅದರಿಂದ ರೂಪುಗೊಂಡಿತು.

1913ರ ಜನವರಿಯಲ್ಲಿ ಆಯೋಗದ ಅಧ್ಯಕ್ಷರಾಗಿ, ಮಾರ್ಚಿಯಲ್ಲಿ ಸಚಿವರಾದ ಲೇನರ ಮುಂದಿನ ಕಾರ್ಯಗಳಲ್ಲಿ ಹೆಚ್‌ಹೆಚಿ ಕಣಿವೆಗೆ ಅಣೆಕಟ್ಟು ಹಾಕಲು ಸ್ಯಾನ್ ಫ್ರಾನ್ಸಿಸ್ಕೊಗೆ ಅನುಮತಿ ನೀಡಿದ 1913ರ ಶಾಸನದ ಬೆಂಬಲವೂ, 1916ರ ರಾಷ್ಟ್ರೀಯ ಉದ್ಯಾನ ಸೇವೆಯ ಸ್ಥಾಪನೆಯೂ ಸುಪ್ರಸಿದ್ಧ. ರೈಲ್ವೆಯ ಸಂಬಂಧ ಆಗಲೂ ಕಡಿಯಲಿಲ್ಲ: 1914ರ ಶಾಸನದಂತೆ ಅಲಾಸ್ಕದಲ್ಲಿ ಸರ್ಕಾರವೇ ಕಟ್ಟಿದ ರೈಲುಮಾರ್ಗದ ಮೇಲ್ವಿಚಾರಣೆ ಇವರದಾಗಿದ್ದಿತು, 1917ರ ಮಾರ್ಚಿಯಲ್ಲಿ ರೈಲ್ವೆ ನೌಕರರ ಮುಷ್ಕರವನ್ನು ತಪ್ಪಿಸಿದ ಮಧ್ಯಸ್ಥರಲ್ಲಿ ಇವರೊಬ್ಬರು.

1920ರ ಮಾರ್ಚಿ 1ರಂದು ಮಂತ್ರಿಪದವಿಯನ್ನು ಬಿಟ್ಟು ಎಡ್ವರ್ಡ್ ಡೊಹೆನಿಯವರ ತೈಲ ಕಂಪನಿಯನ್ನು ಸೇರಿದ ಲೇನರು 1921ರ ಮೇ 18ರಂದು ಮಿನ್ನೆಸೋಟದ ರೊಚೆಸ್ಟರಿನಲ್ಲಿ ತೀರಿಕೊಂಡರು. ಪತ್ನಿ ಆನ್ ವಿಂಟರ್‌ಮ್ಯೂಟ್ ಲೇನ್ ಮತ್ತು ಲೂಯಿಸ್ ಹೆರಿಕ್ ವಾಲ್ ಅವರು ಸಂಪಾದಿಸಿದ ಇವರ ಪತ್ರಗಳು 1922ರಲ್ಲಿ ಪ್ರಕಟವಾದುವು. ನೌಕಾಪಡೆಯ ತೈಲನಿಕ್ಷೇಪಗಳ ಹಗರಣದ ವಿಚಾರಣೆಯಲ್ಲಿ, 1924ರಲ್ಲಿ, ಡೊಹೆನಿಯವರು ತಾವು ಕೆಲಸಕ್ಕಿಟ್ಟುಕೊಂಡಿದ್ದ ಮಾಜಿ ಸಚಿವರ ಹೆಸರುಗಳೊಡನೆ ಲೇನರನ್ನೂ ಹೆಸರಿಸಿದುದರಿಂದ ಇವರಿಗೂ ಆ ಹಗರಣಕ್ಕೂ ನಂಟಿದ್ದಂತೆ ಹಲವರಿಗೆ ತೋರಿತು. ಆದರೆ ವಿವಾದಕ್ಕೀಡಾದ ಗುತ್ತಿಗೆಗಳನ್ನು ಕೊಟ್ಟವರು ಮುಂದಿನ ಆಡಳಿತದ ಆಂತರಿಕ ಸಚಿವ ಆಲ್ಬರ್ಟ್ ಫಾಲ್, ಅವು ನಡೆದದ್ದು 1922ರಲ್ಲಿ, ಲೇನರು ತೀರಿಕೊಂಡ ಮರುವರ್ಷ.