ಒಂದೇ ವರ್ಷ ಹುಟ್ಟಿದ ಎರಡು ಸಂಘಗಳು ಮತ್ತು ಒಂದು ಕೊಡ ನೀರು



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಶೇರು, ಠೇವು, ಸಾಲ, ವಸೂಲಿಗಳ ಲೆಕ್ಕ ಈ ಸಂಚಿಕೆಯ ಬೇರೆ ಪುಟಗಳಲ್ಲಿ ಬಂದೇ ಬರುತ್ತದೆ. ಆ ಲೆಕ್ಕದಲ್ಲಿ ಸೇರದ ಒಂದು ಇತಿಹಾಸವನ್ನು ಇಲ್ಲಿ ಹೇಳಬೇಕೆಂದಿದ್ದೇವೆ. ಅದು ಕುಡಿಯುವ ನೀರಿನ ಮಾತು. ಮಂದಿ ಒಂದೆಡೆ ಕೂಡಿ, ಪಟ್ಟಿ ಎತ್ತಿ, ತಮ್ಮೂರಿಗಷ್ಟೇ ಅಲ್ಲದೆ ಕಾಣದ ದೇಶಕ್ಕೂ ಶುದ್ಧ ನೀರು ಕೊಡಲು ಹೊರಟ ಕಥೆ. ಇದಕ್ಕೂ ನಮ್ಮ ಸೊಸಾಯಿಟಿಗೂ ಏನು ಸಂಬಂಧ ಎಂದು ಕೇಳುವವರು ಕೊನೆಯವರೆಗೆ ಓದಬೇಕೆಂದು ವಿನಂತಿ.

1905ರ ವರ್ಷ

1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯದೆ ಬಂತು. ಮರುವರ್ಷ, 1905ರ ಮೇ ತಿಂಗಳಲ್ಲಿ, ಇಂದಿನ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ಸಾವಕಾರನ ಬಡ್ಡಿಯಲ್ಲಿ ಸಿಕ್ಕಿಬಿದ್ದ ರೈತನಿಗೆ ರೈತರೇ ಕೂಡಿ ಸಾಲ ಕೊಡುವ ಪದ್ಧತಿ ಅದು. ನಾವೆಲ್ಲ ಆ ಬೇರಿನ ಚಿಗುರುಗಳು. ಈ ಸಂಗತಿ ಸಹಕಾರಿ ಸಪ್ತಾಹದ ಭಾಷಣಗಳಲ್ಲಿ ಎಲ್ಲರೂ ಕೇಳಿದ್ದೇ.

ಅದೇ 1905ರ ಫೆಬ್ರುವರಿ 23ರಂದು ಅಮೆರಿಕದ ಚಿಕಾಗೋ ಪಟ್ಟಣದಲ್ಲಿ ನಾಲ್ಕು ಮಂದಿ ಒಂದು ಕೋಣೆಯಲ್ಲಿ ಕೂತರು. ಪಾಲ್ ಹ್ಯಾರಿಸ್ ಎಂಬ ವಕೀಲರು, ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಗಣಿ ಎಂಜಿನಿಯರು, ಒಬ್ಬ ಸಿಂಪಿಗ. ದೊಡ್ಡ ಪಟ್ಟಣದಾಗ ಯಾರಿಗೆ ಯಾರೂ ಇಲ್ಲ, ಹಳ್ಳಿಯಂಥ ಗೆಳೆತನ ಬೇಕು ಅನ್ನುವುದು ಅವರ ಆಸೆ. ಸಭೆ ಒಮ್ಮೆ ಒಬ್ಬರ ಆಫೀಸಿನಲ್ಲಿ, ಇನ್ನೊಮ್ಮೆ ಮತ್ತೊಬ್ಬರಲ್ಲಿ, ಹೀಗೆ ಸರದಿಯಂತೆ ಸುತ್ತುತ್ತಿತ್ತು. ಅದಕ್ಕೇ ರೋಟರಿ ಎಂದು ಹೆಸರು ಬಂತು.

ಮೊದಲು ಬರೀ ಗೆಳೆತನ, ವ್ಯಾಪಾರ. ಎರಡು ವರ್ಷ ಕಳೆಯುವುದರೊಳಗೆ ಸಮಾಜಕ್ಕೆ ಏನಾದರೂ ಮಾಡಬೇಕು ಎಂಬ ಮಾತು ಎದ್ದಿತು. ಆಗ ಅವರು ಆರಿಸಿಕೊಂಡದ್ದು ಗುಡಿಯಲ್ಲ, ಮೂರ್ತಿಯಲ್ಲ. ಚಿಕಾಗೋ ಪಟ್ಟಣಸಭೆಯ ಕಟ್ಟಡದ ಹತ್ತಿರ ಸಾರ್ವಜನಿಕ ಶೌಚಾಲಯ! ಸಾರಾಯಿ ಅಂಗಡಿಯವರೂ ದೊಡ್ಡ ಅಂಗಡಿಯವರೂ ಬೇಡವೆಂದು ಅಡ್ಡ ಬಂದರು. ಆದರೂ 1909ರಲ್ಲಿ ಅದು ತೆರೆಯಿತು. ಸೇವಾ ಕ್ಲಬ್ಬುಗಳ ಇತಿಹಾಸ ಶುರುವಾದದ್ದೇ ಸ್ವಚ್ಛತೆಯಿಂದ ಎನ್ನಬಹುದು. 1917ರಲ್ಲಿ ಮೆಲ್ವಿನ್ ಜೋನ್ಸ್ ಅವರು ಲಯನ್ಸ್ ಸಂಸ್ಥೆ ಕಟ್ಟಿದರು. ರೋಟರಿ ನಮ್ಮ ದೇಶಕ್ಕೆ 1919-20ರಲ್ಲಿ ಕಲಕತ್ತೆಯ ಮೂಲಕ, ಲಯನ್ಸ್ 1956ರಲ್ಲಿ ಮುಂಬಯಿಯ ಮೂಲಕ ಬಂದವು. ಮುಂದೆ ನಮ್ಮ ಜಿಲ್ಲೆಯ ಪೇಟೆ-ಪಟ್ಟಣಗಳಿಗೂ ಹಬ್ಬಿದವು. ಕಣ್ಣಿನ ಶಿಬಿರ, ರಕ್ತದಾನ ಎಂದರೆ ನಮ್ಮ ಮಂದಿಗೆ ಈ ಹೆಸರುಗಳು ನೆನಪಾಗುತ್ತವೆ.

ಸಭೆ ಮತ್ತು ಪಟ್ಟಿ

ಇವರ ಸಭೆಯ ಶಿಸ್ತು ನಾವು ನೋಡತಕ್ಕದ್ದು. ರೋಟರಿಯಲ್ಲಿ ಬಹುಕಾಲ ವಾರಕ್ಕೊಂದು ಸಭೆ ಕಡ್ಡಾಯವಿತ್ತು; 2016ರಿಂದ ಆ ನಿಯಮ ಸ್ವಲ್ಪ ಸಡಿಲವಾಗಿದೆ. ಗಂಟೆ ಬಾರಿಸಿ ಶುರು, ಗಂಟೆ ಬಾರಿಸಿ ಮುಗಿತಾಯ. ಹಾಜರಿ ತಗೋತಾರೆ. ಹಲವು ಕ್ಲಬ್ಬುಗಳಲ್ಲಿ ತಡವಾಗಿ ಬಂದವರಿಗೆ ನಗುನಗುತ್ತಲೇ ದಂಡ, ಆ ದಂಡದ ಹಣವೂ ಸೇವೆಗೇ. ಇನ್ನೊಂದು ಮಾತು: ಅಧ್ಯಕ್ಷರ ಅವಧಿ ಒಂದೇ ವರ್ಷ. ಜುಲೈ 1 ಬಂತೆಂದರೆ ಹೊಸಬರು ಕುರ್ಚಿಗೆ, ಹಳಬರು ಬೆಂಚಿಗೆ. ಹೆಣ್ಣುಮಕ್ಕಳಿಗೆ ಮಾತ್ರ ಅವರು ಬಹಳ ತಡವಾಗಿ, 1989ರಲ್ಲಿ, ಎಲ್ಲ ಕಡೆ ಬಾಗಿಲು ತೆರೆದರು. ನೀರು ಹೊರುವವರನ್ನೇ ನೀರಿನ ಸಭೆಯಿಂದ ಹೊರಗಿಟ್ಟಂತಾಗಿತ್ತು ಅದು.

ಹಣದ ಕಥೆಯೂ ಹನಿಗೂಡಿದ ಹಳ್ಳವೇ. 1917ರಲ್ಲಿ ಆರ್ಚ್ ಕ್ಲಂಫ್ ಎಂಬವರು ಒಂದು ಶಾಶ್ವತ ನಿಧಿ ಬೇಕೆಂದು ಸೂಚಿಸಿದರು. ಮರುವರ್ಷ ಕ್ಯಾನ್ಸಾಸ್ ಸಿಟಿ ಕ್ಲಬ್ಬಿನಿಂದ ಬಂದ ಮೊದಲ ದೇಣಿಗೆ ಇಪ್ಪತ್ತಾರೂವರೆ ಡಾಲರು ಮಾತ್ರ. ಮುಂದೆ ಅದೇ ನಿಧಿಯ ಬಲದಿಂದ 1985ರಲ್ಲಿ ಪೋಲಿಯೋ ವಿರುದ್ಧ ದೊಡ್ಡ ಕಾರ್ಯ ಕೈಗೆತ್ತಿಕೊಂಡರು. ಸರಕಾರದ ದುಡಿಮೆ, ಆಶಾ-ಅಂಗನವಾಡಿ ತಾಯಂದಿರ ನಡಿಗೆ, ಇಂಥ ಸಂಸ್ಥೆಗಳ ಹಣ ಎಲ್ಲ ಕೂಡಿ 2014ರಲ್ಲಿ ನಮ್ಮ ದೇಶ ಪೋಲಿಯೋಮುಕ್ತ ಎಂಬ ಪ್ರಮಾಣಪತ್ರ ಪಡೆಯಿತು.

ಸೊಲ್ಲಾಪುರದ ಪಂಪು ಆಫ್ರಿಕಕ್ಕೆ

ದೂರದೇಶದಲ್ಲಿ ನೀರಿನ ಸೇವೆ ಮಾಡುವ ಕ್ರಮ ಹೀಗಿದೆ. ಹಣ ಕೂಡಿಸುವ ಕ್ಲಬ್ಬು ಒಂದು ದೇಶದಲ್ಲಿ, ಕೆಲಸ ನೋಡಿಕೊಳ್ಳುವ ಕ್ಲಬ್ಬು ಇನ್ನೊಂದು ದೇಶದಲ್ಲಿ. ಎರಡೂ ಸಹಿ ಹಾಕಿದರೇನೇ ನಿಧಿಯಿಂದ ದೊಡ್ಡ ಮೊತ್ತ ಬಿಡುಗಡೆ. ಸದಸ್ಯರು ತಮ್ಮ ಖರ್ಚಿನಲ್ಲಿ ಹೋಗಿ ಬೋರು, ಶಾಲೆಯ ನಳ, ಶೌಚಾಲಯಗಳ ಕೆಲಸಕ್ಕೆ ಕೈಜೋಡಿಸುವುದೂ ಉಂಟು.

ಇದರಲ್ಲಿ ನಮ್ಮ ಸೀಮೆಗೆ ಹತ್ತಿರದ ಒಂದು ಹೆಮ್ಮೆಯ ಸಂಗತಿ ಇದೆ. ನಮ್ಮ ದೇಶಕ್ಕೆ ಮೊದಲು ಬಂದ ಬೀಡುಕಬ್ಬಿಣದ ಕೈಪಂಪುಗಳು ಒಂದು ಮನೆಯ ಬಳಕೆಗೆ ಮಾಡಿದವು. ಊರಿಗೆ ಊರೇ ಸಾಲುಗಟ್ಟಿ ಜಗ್ಗಿದರೆ ಮುರಿಯುತ್ತಿದ್ದವು. ಸೊಲ್ಲಾಪುರದಲ್ಲಿ ಉಕ್ಕಿನಿಂದ, ಸರಪಳಿ ಹಚ್ಚಿದ ಹಿಡಿಕೆಯಿಂದ ಗಟ್ಟಿ ಪಂಪು ಮಾಡಿದರು. ಅದನ್ನೇ ತಿದ್ದಿ ಯುನಿಸೆಫ್ ನೆರವಿನಿಂದ 1970ರ ದಶಕದಲ್ಲಿ ‘ಇಂಡಿಯಾ ಮಾರ್ಕ್ 2’ ತಯಾರಾಯಿತು. ನಮ್ಮ ಓಣಿಗಳಲ್ಲಿ ಕಿರ್‌ ಕಿರ್‌ ಎನ್ನುತ್ತಿದ್ದ ಆ ಪಂಪು ಆಫ್ರಿಕದ ಹಳ್ಳಿಗಳಿಗೂ ಹೋಯಿತು. ಅಂದರೆ ಅಮೆರಿಕದವರು ಪಟ್ಟಿ ಎತ್ತಿ ಆಫ್ರಿಕದಲ್ಲಿ ನೀರು ಕೊಟ್ಟ ಕಡೆಗಳಲ್ಲೂ ಸೊಲ್ಲಾಪುರದ ಬುದ್ಧಿ ದುಡಿದಿದೆ.

ಆದರೆ ಕಹಿ ಮಾತನ್ನೂ ಹೇಳಬೇಕು. 2009ರ ಒಂದು ಅಂದಾಜಿನಂತೆ ಸಹರಾ ಮರುಭೂಮಿಯ ದಕ್ಷಿಣದ ದೇಶಗಳಲ್ಲಿ ಪ್ರತಿ ಮೂರು ಕೈಪಂಪುಗಳಲ್ಲಿ ಒಂದಕ್ಕಿಂತ ಹೆಚ್ಚು ಕೆಟ್ಟು ನಿಂತಿದ್ದವು. ಕೊಟ್ಟವರು ಫೋಟೋ ತೆಗೆಸಿಕೊಂಡು ಹೋದರು. ವಾಯ್ಸರ್ ಸವೆದಾಗ ಬದಲಿಸುವವರು ಯಾರೂ ಇಲ್ಲ. ಅದೇ 2009ರಲ್ಲಿ ರೋಟರಿಯು ಅಮೆರಿಕ ಸರಕಾರದ ನೆರವು ಸಂಸ್ಥೆಯೊಡನೆ ಕೂಡಿ ಘಾನಾ, ಫಿಲಿಪೈನ್ಸ್, ಡೊಮಿನಿಕನ್ ರಿಪಬ್ಲಿಕ್‌ಗಳಲ್ಲಿ ಕೆಲಸ ಹಿಡಿಯಿತು. ಅಲ್ಲಿ ಎಷ್ಟು ಕಟ್ಟಿದೆವು ಎಂದು ಎಣಿಸಿ ಬಿಡಲಿಲ್ಲ. ಕಟ್ಟಿದ್ದು ಉಳಿಯುತ್ತದೋ ಇಲ್ಲವೋ ಎಂದು ಅಳೆಯುವ ಪದ್ಧತಿಯನ್ನೂ ತಂದರು. ನೀರಿನ ಕೆಲಸದಲ್ಲಿ ಉದ್ಘಾಟನೆ ಮುಖ್ಯವಲ್ಲ, ಮರುದಿನ ಮುಖ್ಯ.

ನಮ್ಮ ಕಡೆಯ ಪಾಠ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಗೆ ನೀರಿನ ಬಡತನವಿಲ್ಲ ಎಂದು ಹೊರಗಿನವರು ತಿಳಿಯುತ್ತಾರೆ. ಘಟಪ್ರಭೆ ಇದ್ದಾಳೆ, ಧೂಪದಾಳದ ಒಡ್ಡು ಇದೆ, ಹಿಡಕಲ್ಲಿನ ರಾಜಾ ಲಖಮಗೌಡ ಜಲಾಶಯ ಇದೆ. ಗೋಕಾಕ ಫಾಲ್ಸಿನಲ್ಲಿ 1887ರಲ್ಲೇ ನೀರಿನಿಂದ ವಿದ್ಯುತ್ತು ತೆಗೆದರು. ಆದರೆ ಹೊಲದ ನೀರು ಬೇರೆ, ಕೊಡದ ನೀರು ಬೇರೆ. 2019ರ ಆಗಸ್ಟಿನಲ್ಲಿ ಹೊಳಿ ಬಂದಾಗ ಎಲ್ಲರೂ ಕಂಡದ್ದೇ: ಓಣಿ ತುಂಬ ನೀರು, ಕುಡಿಯಲು ಮಾತ್ರ ಒಂದು ತಂಬಿಗೆ ಇಲ್ಲ. ಬಾವಿ, ಬೋರುಗಳ ಮೇಲೆಲ್ಲ ಹೊಲಸು ನೀರು ನಿಂತಿತ್ತು.

ಹಾಗಾದರೆ ಮಂದಿಯೇ ಕೂಡಿ ಗೆದ್ದದ್ದು ಏನೂ ಇಲ್ಲವೇ? ಎರಡು ಉದಾಹರಣೆ ಸಾಕು.

ಒಂದು, ನಾರುಹುಣ್ಣು. ಹಿರಿಯರಿಗೆ ಹೆಸರು ಕೇಳಿದರೇ ಮೈ ಜುಮ್ಮೆನ್ನುತ್ತದೆ. ಮೆಟ್ಟಿಲ ಬಾವಿಗೆ ಕಾಲಿಟ್ಟು ನೀರು ತುಂಬುವ ಕಡೆ, ರೋಗಿಯ ಕಾಲಿನಿಂದ ಹುಳ ನೀರಿಗೆ, ನೀರಿನಿಂದ ಮತ್ತೊಬ್ಬರ ಹೊಟ್ಟೆಗೆ. ಇದಕ್ಕೆ ಲಸಿಕೆಯೂ ಇರಲಿಲ್ಲ, ಗುಳಿಗೆಯೂ ಇರಲಿಲ್ಲ. 1984ರಲ್ಲಿ ದೇಶದಲ್ಲಿ ಸುಮಾರು 40 ಸಾವಿರ ರೋಗಿಗಳಿದ್ದರು. ರೋಗವಿದ್ದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ನೀರನ್ನು ಬಟ್ಟೆಯಲ್ಲಿ ಸೋಸುವುದು, ಮೆಟ್ಟಿಲು ಮುಚ್ಚಿಸುವುದು, ಕೈಪಂಪು ಹಾಕಿಸುವುದು, ಮನೆಮನೆ ತಿರುಗಿ ರೋಗಿಯನ್ನು ಹುಡುಕುವುದು, ಇಷ್ಟೇ ಔಷಧ. 1996ರಲ್ಲಿ ಕೊನೆಯ ರೋಗಿ ರಾಜಸ್ಥಾನದಲ್ಲಿ ಕಂಡ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಮ್ಮ ದೇಶವನ್ನು ಮುಕ್ತವೆಂದು ಸಾರಿತು. ಸೀರೆಯ ಸೆರಗು ದೊಡ್ಡ ರೋಗವನ್ನು ಸೋಲಿಸಿತು.

ಎರಡು, ನಮ್ಮ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. 1969ರಲ್ಲಿ ದೇಶದಲ್ಲಿ ಪ್ರಯೋಗಕ್ಕೆಂದು ಆರಿಸಿದ ಐದೇ ಸಂಘಗಳಲ್ಲಿ ಇದೊಂದು. ಅಮೆರಿಕದ ವಿದ್ಯುತ್ ಸಹಕಾರಿಗಳ ಒಕ್ಕೂಟದ ತಜ್ಞರು ಆಗ ಸಲಹೆ ಕೊಟ್ಟಿದ್ದರು. ತಜ್ಞರು ತಿರುಗಿ ಹೋದರು, ಸಂಘ ಉಳಿಯಿತು. ಕರ್ನಾಟಕದಲ್ಲಿ ಇಂಥ ಸಂಘ ಇದೊಂದೇ. ಆ ತಾಲೂಕಿನ ಪಂಪುಗಳು ಸದಸ್ಯರ ಸಂಘದ ತಂತಿಯಿಂದಲೇ ತಿರುಗುತ್ತಾ ಬಂದಿವೆ. ಹೊರಗಿನ ನೆರವು ಉಳಿಯಬೇಕಾದರೆ ಒಳಗೆ ಶೇರುದಾರ ಬೇಕು, ಜಮಾ-ಖರ್ಚು ಬೇಕು, ಸಭೆಯಲ್ಲಿ ಎದ್ದು ಕೇಳುವ ಬಾಯಿ ಬೇಕು. ಆಫ್ರಿಕದ ಕೆಟ್ಟ ಪಂಪುಗಳಿಗೆ ಇಲ್ಲದ್ದು ಇದೇ.

ಮುಂದಿನ ಇಪ್ಪತ್ತೈದು

ಈಗ ಮನೆಮನೆಗೆ ನಳ ಬರುತ್ತಿದೆ. 2019ರಲ್ಲಿ ಕೇಂದ್ರ ಸರಕಾರ ಜಲ ಜೀವನ ಮಿಷನ್ ಆರಂಭಿಸಿದೆ. ಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕಗಳೂ ಎದ್ದಿವೆ. ಕೆಲವು ನಡೆಯುತ್ತಿವೆ, ಕೆಲವಕ್ಕೆ ಕೀಲಿ ಬಿದ್ದಿದೆ. ಕೀಲಿ ಬಿದ್ದದ್ದಕ್ಕೆ ಯಾರೋ ಕೊಟ್ಟದ್ದು, ಯಾರೋ ನೋಡಿಕೊಳ್ಳಲಿ ಎಂಬ ನಮ್ಮ ಭಾವನೆಯೂ ಒಂದು ಕಾರಣ.

ಸಾಲದ ಕಂತು ಒಂದು ದಿನ ತಪ್ಪಿದರೆ ನೋಟೀಸು ಕೊಡುವಷ್ಟು ಶಿಸ್ತು ನಮ್ಮ ಸಂಘಕ್ಕಿದೆ. ಅದೇ ಶಿಸ್ತು ನೀರಿಗೂ ಬರಲಿ. ವಾರ್ಷಿಕ ಸಭೆಯ ವಿಷಯ ಪತ್ರಿಕೆಯಲ್ಲಿ ಊರ ನೀರಿನದೊಂದು ಬಾಬು ಇರಲಿ. ವರ್ಷಕ್ಕೆರಡು ಸಲ ನೀರಿನ ಪರೀಕ್ಷೆ ಮಾಡಿಸಿ ವರದಿಯನ್ನು ಫಲಕದ ಮೇಲೆ ಹಚ್ಚೋಣ. ಲಾಭದಲ್ಲಿ ಕಾಯದೆ ಒಪ್ಪುವಷ್ಟು ಪಾಲು ದುರಸ್ತಿಗೆ ಎತ್ತಿಡೋಣ. ಈ ಕೆಲಸದ ಸಮಿತಿಯಲ್ಲಿ ಕೊಡ ಹೊತ್ತ ಅವ್ವ-ಅಕ್ಕಂದಿರೇ ಹೆಚ್ಚಿರಲಿ. ಪೇಟೆಯ ಸೇವಾ ಸಂಸ್ಥೆಯವರು ನೆರವಿಗೆ ಬಂದರೆ ಸ್ವಾಗತಿಸೋಣ, ಆದರೆ ಕೀಲಿಕೈ ನಮ್ಮ ಹತ್ತಿರ ಇರಲಿ.

ಒಂದೇ ವರ್ಷ ಹುಟ್ಟಿದ ಕಣಗಿನಹಾಳದ ದಾರಿಯೂ ಚಿಕಾಗೋದ ದಾರಿಯೂ ನಮ್ಮೂರ ನಳದ ಹತ್ತಿರ ಕೂಡಲಿ. ಸುವರ್ಣ ಮಹೋತ್ಸವದ ಸಂಚಿಕೆ ಬರೆಯುವವರು, ಈ ಊರಲ್ಲಿ ನೀರಿನಿಂದ ಯಾವ ಕೂಸೂ ಜಡ್ಡು ಬೀಳಲಿಲ್ಲ ಎಂದು ಬರೆಯುವಂತಾಗಲಿ ಎಂದು ಹಾರೈಸುತ್ತೇವೆ.

ಜೈ ಸಹಕಾರ.