ಪೆಟ್ರೋಲ್ ಸೋಸುತ್ತಿದ್ದ ಹುಡುಗಿ

ಮನೆಯಲ್ಲಿ ಎಣ್ಣೆ ಎಷ್ಟಿದೆ, ಬೇಳೆ ಎಷ್ಟು ದಿನಕ್ಕೆ ಬರುತ್ತದೆ ಎಂದು ಲೆಕ್ಕವಿಡುವವರು ನಾವು. ಈ ಲೆಕ್ಕವನ್ನು ಯಾರೂ ಚರಿತ್ರೆಯ ಪುಸ್ತಕದಲ್ಲಿ ಬರೆಯುವುದಿಲ್ಲ. ಆದರೆ ಏಮಿ ಜಾನ್ಸನ್ ಎಂಬ ಹೆಣ್ಣುಮಗಳ ಬದುಕನ್ನು ಓದಿದಾಗ, ದೊಡ್ಡ ಸಾಹಸಗಳೂ ಇಂಥ ಸಣ್ಣ ಲೆಕ್ಕದ ಮೇಲೆಯೇ ನಿಂತಿರುತ್ತವೆ ಅನ್ನಿಸಿತು ನನಗೆ.

ಏಮಿ 1903ರಲ್ಲಿ ಇಂಗ್ಲೆಂಡಿನ ಹಲ್ ಎಂಬ ಬಂದರು ಊರಿನಲ್ಲಿ ಮೀನು ವ್ಯಾಪಾರಿಯೊಬ್ಬರ ಮಗಳಾಗಿ ಹುಟ್ಟಿದಳು. ಲಂಡನ್ನಿನ ವಕೀಲರ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿದ್ದುಕೊಂಡೇ ವಿಮಾನ ಹಾರಿಸಲು ಕಲಿತಳು. ಅಷ್ಟಕ್ಕೇ ನಿಲ್ಲದೆ ಎಂಜಿನ್ ಬಿಚ್ಚಿ ಜೋಡಿಸುವುದನ್ನೂ ಕಲಿತು, 1929ರಲ್ಲಿ ಗ್ರೌಂಡ್ ಎಂಜಿನಿಯರ್ ಪರವಾನಗಿ ಪಡೆದ ಮೊದಲ ಬ್ರಿಟಿಷ್ ಮಹಿಳೆಯಾದಳು. ತಂದೆಯೂ ಲಾರ್ಡ್ ವೇಕ್‌ಫೀಲ್ಡ್ ಎಂಬವರೂ ಹಣ ಕೊಟ್ಟರು. ಬಂದದ್ದು ಹಳೆಯ ಜಿಪ್ಸಿ ಮಾತ್ ವಿಮಾನ, ಒಂದೇ ಎಂಜಿನ್ನಿನದು. ಅಪ್ಪನ ಮೀನಿನ ಅಂಗಡಿಯ ಮುದ್ರೆಯ ಹೆಸರನ್ನೇ ಅದಕ್ಕಿಟ್ಟಳು: ಜೇಸನ್. 1930ರ ಮೇ 5ರಂದು ಒಬ್ಬಳೇ ಆಸ್ಟ್ರೇಲಿಯಾಕ್ಕೆ ಹೊರಟಳು. ಆಗ ಅವಳಿಗೆ 26 ವರ್ಷ.

ದೂರದ ದಾರಿಗೆಂದು ಹೆಚ್ಚಿನ ಟ್ಯಾಂಕುಗಳಿದ್ದವು. ಅವುಗಳ ಪೆಟ್ರೋಲನ್ನು ಹಾರುತ್ತಿರುವಾಗಲೇ ಕೈಪಂಪಿನಿಂದ ಮೇಲಿನ ಟ್ಯಾಂಕಿಗೆ ಏರಿಸಬೇಕು. ಪಂಪು ಸೋರಿ, ಆ ವಾಸನೆಗೆ ಹೊಟ್ಟೆ ತೊಳಸುತ್ತಿತ್ತಂತೆ. ಇಳಿದ ಕಡೆ ಬಿಸಿಲಲ್ಲಿ ನಿಂತು, ಪೆಟ್ರೋಲನ್ನು ಮೆದು ಚರ್ಮದಲ್ಲಿ ಸೋಸಿ ತುಂಬಬೇಕು. ಸೀಮೆಎಣ್ಣೆ ಸ್ಟೋವಿನ ಮುಂದೆ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಣ್ಣೆಯಲ್ಲಿ ಕಸವೋ ನೀರೋ ಇದ್ದರೆ ಸ್ಟೋವು ತಡವರಿಸಿ ಆರುತ್ತದೆ. ನಾವು ಪಿನ್ನು ಹುಡುಕುತ್ತೇವೆ. ಆಕಾಶದಲ್ಲಿ ಪಿನ್ನು ಹುಡುಕಲು ಪುರಸೊತ್ತೆಲ್ಲಿ? ನೀರು ಪೆಟ್ರೋಲಿಗಿಂತ ಭಾರ. ಟ್ಯಾಂಕಿನ ತಳ ಸೇರಿ, ಅಲ್ಲಿಂದ ಎಂಜಿನ್ನಿಗೆ ಹೋಗಿ ಅದನ್ನು ನಿಲ್ಲಿಸಿಬಿಡುತ್ತದೆ. ಇಂದಿಗೂ ಸಣ್ಣ ವಿಮಾನದವರು ಹೊರಡುವ ಮುನ್ನ ತಳದಿಂದ ಒಂದಿಷ್ಟು ಪೆಟ್ರೋಲು ಬಸಿದು, ಬೆಳಕಿಗೆ ಹಿಡಿದು ನೋಡುತ್ತಾರೆ.

ಮೇ 10ಕ್ಕೆ ಕರಾಚಿ ತಲುಪಿದಳು. ಅಷ್ಟು ಬೇಗ ಯಾರೂ ಬಂದಿರಲಿಲ್ಲ. ಮರುದಿನ ಅಲಹಾಬಾದಿಗೆ ಹೊರಟರೆ ಪೆಟ್ರೋಲು ಸಾಲಲಿಲ್ಲ. ಝಾನ್ಸಿಯ ಸೈನಿಕರ ಕವಾಯತು ಮೈದಾನದಲ್ಲಿ ಇಳಿಯಬೇಕಾಯಿತು, ರೆಕ್ಕೆಗೂ ಪೆಟ್ಟಾಯಿತು. ವಿಮಾನದ ಪೆಟ್ರೋಲನ್ನು ಮೈಲಿಯಲ್ಲಿ ಅಳೆದರೆ ಕೆಟ್ಟೆವು, ಗಂಟೆಯಲ್ಲೇ ಅಳೆಯಬೇಕು. ಗಾಳಿ ಎದುರಾದರೆ ಅಷ್ಟೇ ದಾರಿಗೆ ಹೆಚ್ಚು ಹೊತ್ತು, ಹೆಚ್ಚು ಎಣ್ಣೆ. ಆದರೂ ಮೇ 24ರಂದು ಅವಳು ಡಾರ್ವಿನ್ ಮುಟ್ಟಿದಳು. ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಒಬ್ಬಳೇ ಹಾರಿದ ಮೊದಲ ಹೆಣ್ಣು ಅವಳೇ. ಜೇಸನ್ ಈಗ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿದೆ.

ಮುಂದಿನದನ್ನು ಓದುವಾಗ ನನ್ನ ಮನಸ್ಸು ಭಾರವಾಯಿತು. ಯುದ್ಧಕಾಲದಲ್ಲಿ ಏಮಿ ವಿಮಾನಗಳನ್ನು ಒಂದೂರಿನಿಂದ ಇನ್ನೊಂದೂರಿಗೆ ಒಯ್ದು ಒಪ್ಪಿಸುವ ಕೆಲಸಕ್ಕೆ ಸೇರಿದ್ದಳು. 1941ರ ಜನವರಿ 5ರಂದು ಬ್ಲ್ಯಾಕ್‌ಪೂಲಿನಿಂದ ಹೊರಟಳು. ಒಂದೂವರೆ ಗಂಟೆಯ ದಾರಿ. ಕೆಳಗೆಲ್ಲ ಮೋಡ, ಮೂರು ಗಂಟೆಗೂ ಮೀರಿ ಹಾರಿ, ದಾರಿಯಿಂದ ಬಹುದೂರ ಸರಿದು, ಥೇಮ್ಸ್ ನದಿ ಸಮುದ್ರ ಸೇರುವಲ್ಲಿ ಬಿದ್ದಳು. ಅವಳನ್ನು ಉಳಿಸಲು ಹಿಮದಂಥ ನೀರಿಗೆ ಧುಮುಕಿದ ಹಡಗಿನ ಅಧಿಕಾರಿ ವಾಲ್ಟರ್ ಫ್ಲೆಚರ್ ಕೂಡ ಬದುಕಲಿಲ್ಲ. ಅವಳ ದೇಹ ಸಿಗಲೇ ಇಲ್ಲ. ತಮ್ಮವರೇ ಗುಂಡು ಹೊಡೆದರೆಂಬ ಮಾತೂ ಆಮೇಲೆ ಬಂತು. ಪೆಟ್ರೋಲು ಮುಗಿದಿರಬೇಕೆಂಬುದೇ ಹೆಚ್ಚಿನವರ ಊಹೆ.

ಹನಿಹನಿ ಸೋಸಿ ತುಂಬಿಕೊಂಡವಳಿಗೆ ಲೆಕ್ಕ ಗೊತ್ತಿರಲಿಲ್ಲವೆಂದು ನಾನು ಒಪ್ಪಲಾರೆ. ಲೆಕ್ಕವಿತ್ತು, ಇಳಿಯಲು ನೆಲವೇ ಕಾಣಲಿಲ್ಲ. ಅಮೆರಿಕದ ನಿಯಮದಂತೆ, ನೆಲ ನೋಡಿಕೊಂಡು ಹಾರುವ ಸಣ್ಣ ವಿಮಾನದಲ್ಲಿ, ಸೇರಬೇಕಾದ ಊರು ಸೇರಿದ ಮೇಲೂ ಹಗಲಾದರೆ 30 ನಿಮಿಷಕ್ಕೆ, ರಾತ್ರಿಯಾದರೆ 45 ನಿಮಿಷಕ್ಕೆ ಸಾಲುವಷ್ಟು ಎಣ್ಣೆ ಉಳಿಯುವಂತೆ ತುಂಬಿಕೊಂಡೇ ಹೊರಡಬೇಕು. ಅಕ್ಕಿ ಡಬ್ಬಿಯ ತಳದಲ್ಲಿ ಎರಡು ಹಿಡಿ ಉಳಿದಿರುವಾಗಲೇ "ಅಕ್ಕಿ ಮುಗಿಯಿತು" ಎನ್ನುತ್ತಿದ್ದರು ನಮ್ಮಮ್ಮ. ಅದು ಜಿಪುಣತನವೆಂದು ನಗುತ್ತಿದ್ದವರಿಗೆ ಏಮಿಯ ಕಥೆ ಹೇಳಬೇಕು.