ಪಠ್ಯಕ್ರಮದ ಪಾಠಾಂತರಗಳು: ಪರಿಷ್ಕರಣೆಯ ದಾಖಲೆ ಕುರಿತು ಒಂದು ಟಿಪ್ಪಣಿ

ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ, ಅಂದರೆ ವಿಟಿಯು ಅಂಕಪಟ್ಟಿಯಲ್ಲಿ ಪ್ರತಿ ವಿಷಯಕ್ಕೂ ಒಂದು ಸಂಕೇತವಿರುತ್ತದೆ. 18ಸಿಎಸ್55 ಎಂಬುದನ್ನೇ ತೆಗೆದುಕೊಳ್ಳೋಣ. ಮೊದಲ ಎರಡು ಅಂಕಿ ಪಠ್ಯಯೋಜನೆಯ ವರ್ಷ, 2018. ವಿದ್ಯಾರ್ಥಿಗಳ ಬಾಯಲ್ಲಿ ಅದು 'ಏಟೀನ್ ಸ್ಕೀಮ್'. ನಡುವಿನದು ಕಂಪ್ಯೂಟರ್ ಸೈನ್ಸ್ ವಿಭಾಗ. ಕಡೆಯ ಎರಡು ಅಂಕಿಗಳಲ್ಲಿ ಒಂದು ಸೆಮಿಸ್ಟರ್ ಹೇಳಿದರೆ ಇನ್ನೊಂದು ಆ ಸೆಮಿಸ್ಟರಿನೊಳಗಿನ ಕ್ರಮಸಂಖ್ಯೆ ಹೇಳುತ್ತದೆ. ತಾಳೆಗರಿ ಮತ್ತು ಕಾಗದದ ಪ್ರತಿಗಳ ಪಟ್ಟಿಗಳಲ್ಲೇ ವರ್ಷಗಳನ್ನು ಕಳೆದ ನನಗೆ ಈ ಸಂಕೇತ ಕಂಡಾಗ ಪರಿಚಿತರು ಸಿಕ್ಕಂತಾಯಿತು. ಪ್ರತಿ ಯಾವ ಕಾಲದ್ದು, ಯಾವ ಪರಂಪರೆಗೆ ಸೇರಿದ್ದು, ಕಟ್ಟಿನಲ್ಲಿ ಎಷ್ಟನೆಯದು ಎಂಬುದಷ್ಟೂ ಆರೇಳು ಅಕ್ಷರಗಳಲ್ಲಿ ಅಡಕವಾಗಿದೆ. 2022ರ ಯೋಜನೆಯಲ್ಲಿ ಈ ಪದ್ಧತಿ ಬದಲಾಗಿ ಸಂಕೇತ ಬಿಸಿಎಸ್301 ಎಂಬ ರೂಪ ಪಡೆಯಿತು. ವರ್ಷದ ಅಂಕಿ ಇದ್ದ ಜಾಗಕ್ಕೆ ಒಂದು ಅಕ್ಷರ ಬಂದಿತು.

ಪದವಿ ಪಠ್ಯಕ್ರಮ ಬದಲಾದಾಗ ಆ ಬದಲಾವಣೆ ಎಲ್ಲಿ, ಎಷ್ಟರಮಟ್ಟಿಗೆ ದಾಖಲಾಗುತ್ತದೆ ಎಂಬುದು ಈ ಟಿಪ್ಪಣಿಯ ಪ್ರಶ್ನೆ. ಹೋಲಿಕೆಗೆ ಸಾಫ್ಟ್‌ವೇರ್ ಸೇವೆಯ ಒಪ್ಪಂದವನ್ನು ಇಟ್ಟುಕೊಂಡಿದ್ದೇನೆ. ವಿಟಿಯು ಪಠ್ಯಕ್ರಮ ಓದಿ ಹೊರಬಂದ ಎಷ್ಟೋ ಮಕ್ಕಳು ದುಡಿಯುವುದು ಅಂಥ ಒಪ್ಪಂದಗಳ ಅಡಿಯಲ್ಲೇ. ಒಂದೇ ಬದುಕಿನ ಎರಡು ಮಗ್ಗುಲಲ್ಲಿರುವ ಈ ಎರಡು ದಸ್ತಾವೇಜುಗಳು ಪರಿಷ್ಕರಣೆಯನ್ನು ನಡೆಸಿಕೊಳ್ಳುವ ರೀತಿ ಮಾತ್ರ ಬೇರೆ ಬೇರೆ.

ಮೊದಲು ಒಂದು ವಿಷಯದ ಪ್ರಯಾಣ ನೋಡೋಣ. ಪೈಥಾನ್ ಭಾಷೆಯ ಪ್ರೋಗ್ರಾಮಿಂಗ್ 2015ರ ಯೋಜನೆಯಲ್ಲಿ ಆರನೇ ಸೆಮಿಸ್ಟರಿನ ಐಚ್ಛಿಕ ವಿಷಯವಾಗಿತ್ತು, ಸಂಕೇತ 15ಸಿಎಸ್664. 2018ರಲ್ಲಿ ಅದು ಐದನೇ ಸೆಮಿಸ್ಟರಿಗೆ ಬಂದು ಕಂಪ್ಯೂಟರ್ ಸೈನ್ಸ್‌ನವರಿಗೆ ಕಡ್ಡಾಯವಾಯಿತು; ಮೇಲೆ ಹೇಳಿದ 18ಸಿಎಸ್55 ಅದೇ. 2022ರ ಹೊತ್ತಿಗೆ ಮೊದಲ ವರ್ಷದ ಮಕ್ಕಳೇ ಆಯ್ದುಕೊಳ್ಳಬಹುದಾದ ವಿಷಯಗಳ ಸಾಲಿಗೆ ಸೇರಿತು. ಏಳು ವರ್ಷಗಳಲ್ಲಿ ಒಂದು ವಿಷಯ ಮೂರನೇ ವರ್ಷದಿಂದ ಮೊದಲ ವರ್ಷಕ್ಕೆ ಇಳಿದು ಬಂದಿದೆ. ಕನ್ನಡದ ಕಥೆಯೂ ಹೀಗೇ ಇದೆ. 2018ರ ಯೋಜನೆಯಲ್ಲಿ ಕನ್ನಡ ಬಲ್ಲವರಿಗೆ 'ಆಡಳಿತ ಕನ್ನಡ', ಬಾರದವರಿಗೆ 'ವ್ಯಾವಹಾರಿಕ ಕನ್ನಡ' ಎಂಬ ಪತ್ರಿಕೆಗಳು ಎರಡನೇ ವರ್ಷದಲ್ಲಿದ್ದವು. 2021ರಲ್ಲಿ ಅವು 'ಸಾಂಸ್ಕೃತಿಕ ಕನ್ನಡ', 'ಬಳಕೆ ಕನ್ನಡ' ಎಂದಾದವು. 2022ರಲ್ಲಿ ಅದೇ ಹೆಸರು ಹೊತ್ತು ಮೊದಲ ವರ್ಷಕ್ಕೆ ಬಂದವು. ಆಡಳಿತದ ಜಾಗದಲ್ಲಿ ಸಂಸ್ಕೃತಿ ಬಂದು ಕೂತದ್ದು ಬರಿಯ ಹೆಸರಿನ ಬದಲಾವಣೆಯಲ್ಲ. ಎಂಜಿನಿಯರಿಂಗ್ ಓದುವ ಕನ್ನಡದ ಹುಡುಗಿಗೆ ಕನ್ನಡ ಏಕೆ ಬೇಕು ಎಂಬ ಪ್ರಶ್ನೆಗೆ ಕೊಡುವ ಉತ್ತರವೇ ಬದಲಾಗಿದೆ. ಕಚೇರಿಯ ಪತ್ರ ಬರೆಯಲೆಂದೋ, ಪಂಪನನ್ನೂ ವಚನಗಳನ್ನೂ ಎದುರುಗೊಳ್ಳಲೆಂದೋ? ನನಗೆ ಎರಡನೆಯದೇ ಹೆಚ್ಚು ಸರಿ ಅನ್ನಿಸುತ್ತದೆ. ಆದರೆ ಆ ಆಯ್ಕೆಯ ಹಿಂದಿನ ವಾದ ಪಠ್ಯಕ್ರಮದ ಪುಟದಲ್ಲಿ ಇರಬೇಕಿತ್ತು.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ವಿಷಯಗಳಲ್ಲಿ ಆದದ್ದಲ್ಲ, ಅಂಕಗಳ ಹಂಚಿಕೆಯಲ್ಲಿ ಆದದ್ದು. ಥಿಯರಿ ವಿಷಯಗಳಿಗೆ 2015ರ ಯೋಜನೆಯಲ್ಲಿ ಕಾಲೇಜಿನ ಆಂತರಿಕ ಮೌಲ್ಯಮಾಪನಕ್ಕೆ 20, ವಿಶ್ವವಿದ್ಯಾಲಯದ ಪರೀಕ್ಷೆಗೆ 80 ಅಂಕ ಇದ್ದವು. 2018ರಲ್ಲಿ ಅದು 40 ಮತ್ತು 60 ಆಯಿತು, 2022ರಲ್ಲಿ 50 ಮತ್ತು 50. ವಿದ್ಯಾರ್ಥಿಯನ್ನು ಅಳೆಯುವ ಕೋಲಿನ ಅರ್ಧ ಭಾಗ ಈಗ ತರಗತಿಯ ಮೇಷ್ಟರ ಕೈಯಲ್ಲಿದೆ. ಇದು ಮೇಷ್ಟರ ಮೇಲಿಟ್ಟ ನಂಬಿಕೆ, ಜೊತೆಗೆ ಹೊರಿಸಿದ ಹೊರೆ. ಒಟ್ಟು ಕ್ರೆಡಿಟ್‌ಗಳೂ 175ರಿಂದ 160ಕ್ಕೆ ಇಳಿದವು; ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ 2018ರಲ್ಲಿ ಕೊಟ್ಟ ಮಾದರಿ ಪಠ್ಯಕ್ರಮದಲ್ಲಿದ್ದುದೂ 160ರ ಲೆಕ್ಕವೇ. ಪ್ರಕಟಿತ ಪಠ್ಯಕ್ರಮದ ಹಾಳೆಯಲ್ಲಿ ಬೋಧನೆಯ ಗಂಟೆ, ಅಂಕ, ಕ್ರೆಡಿಟ್, ಐದು ಮಾಡ್ಯೂಲ್‌ಗಳ ವಿವರ, ಪಠ್ಯಪುಸ್ತಕಗಳ ಪಟ್ಟಿ ಎಲ್ಲವೂ ಇವೆ. ಹಿಂದಿನ ಯೋಜನೆಯಿಂದ ಏನು ಬಿಟ್ಟೆವು, ಏಕೆ ಬಿಟ್ಟೆವು ಎಂಬುದಕ್ಕೆ ಕಲಂ ಇಲ್ಲ. ಎರಡು ಯೋಜನೆಗಳ ಹಾಳೆಗಳನ್ನು ಅಕ್ಕಪಕ್ಕ ಹರಡಿಕೊಂಡು ಸಾಲು ಸಾಲಾಗಿ ತಾಳೆ ನೋಡಿದರೆ ಮಾತ್ರ ಮೇಲಿನ ಸಂಗತಿಗಳು ಕೈಗೆ ಸಿಗುತ್ತವೆ. ನಾನು ಮಾಡಿದ್ದೂ ಅದನ್ನೇ.

ಇನ್ನು ಒಪ್ಪಂದದ ಕಡೆಗೆ. ಬೆಂಗಳೂರಿನ ಸೇವಾ ಕಂಪನಿ ಗ್ರಾಹಕರೊಡನೆ ಸಾಮಾನ್ಯವಾಗಿ ಎರಡು ಹಂತದ ಕಾಗದ ಮಾಡಿಕೊಳ್ಳುತ್ತದೆ. ಮೇಲಿನದು ಮಾಸ್ಟರ್ ಸರ್ವಿಸಸ್ ಅಗ್ರಿಮೆಂಟ್: ಹೊಣೆ, ಗೋಪ್ಯತೆ, ಹಕ್ಕುಸ್ವಾಮ್ಯ, ಮುಕ್ತಾಯದ ಷರತ್ತುಗಳು ಇರುವುದು ಅದರಲ್ಲಿ. ಕೆಳಗಿನದು ಸ್ಟೇಟ್‌ಮೆಂಟ್ ಆಫ್ ವರ್ಕ್: ಏನು ಮಾಡಿಕೊಡಬೇಕು, ಯಾವಾಗ, ಎಷ್ಟಕ್ಕೆ. ಎರಡರ ನಡುವೆ ವಿರೋಧ ಬಂದರೆ ಯಾವುದರ ಮಾತು ನಡೆಯಬೇಕು ಎಂದೂ ಬರೆದಿರುತ್ತಾರೆ. ಕೆಲಸದ ನಡುವೆ ಗ್ರಾಹಕರು ಹೊಸದೊಂದನ್ನು ಕೇಳಿದರೆ ಪ್ರಾಜೆಕ್ಟಿನವರು ಹೇಳುವ ಮಾತು ಒಂದೇ: 'ಇದು ಸ್ಕೋಪ್‌ನಲ್ಲಿ ಇಲ್ಲ, ಸಿಆರ್ ಹಾಕಿ.' ಸಿಆರ್ ಎಂದರೆ ಚೇಂಜ್ ರಿಕ್ವೆಸ್ಟ್. ಯಾವ ಭಾಗ ಬದಲಾಗಬೇಕು, ಏಕೆ, ಎಷ್ಟು ದಿನ ಹೆಚ್ಚಾಗುತ್ತದೆ, ಎಷ್ಟು ಹಣ, ಬೇರೆ ಯಾವ ಭಾಗಕ್ಕೆ ಪೆಟ್ಟು ಬೀಳುತ್ತದೆ ಎಂಬುದೆಲ್ಲ ಅದರಲ್ಲಿ ಬರಬೇಕು. ಎರಡೂ ಕಡೆಯವರ ಸಹಿ ಬೀಳುವ ತನಕ ಹಳೆಯ ಪಾಠವೇ ಊರ್ಜಿತ.

ಇದರ ಬೇರು ಹಳೆಯದು. 1872ರ ಭಾರತೀಯ ಕರಾರು ಕಾಯ್ದೆಯ 62ನೇ ಕಲಮಿನ ಪ್ರಕಾರ, ಕರಾರಿನ ಪಕ್ಷಕಾರರು ಒಪ್ಪಿ ಅದರ ಬದಲು ಹೊಸ ಕರಾರು ಮಾಡಿಕೊಂಡರೆ, ರದ್ದು ಮಾಡಿದರೆ ಅಥವಾ ಮಾರ್ಪಡಿಸಿದರೆ, ಮೂಲ ಕರಾರನ್ನು ನೆರವೇರಿಸಬೇಕಿಲ್ಲ. ಇಲ್ಲಿ ತೂಕವಿರುವ ಮಾತು 'ಒಪ್ಪಿ' ಎಂಬುದು. ಒಪ್ಪಂದದಲ್ಲಿ ದಾಖಲೆ ಅಚ್ಚುಕಟ್ಟಾಗಿರುವುದಕ್ಕೆ ಆ ಲೋಕದವರು ನಮಗಿಂತ ಶಿಸ್ತಿನವರು ಎಂಬುದು ಕಾರಣವಲ್ಲ. ಪ್ರತಿ ಬದಲಾವಣೆಗೂ ಬೆಲೆಯಿದೆ, ಆ ಬೆಲೆ ಕೊಡುವವರು ಮೇಜಿನ ಎದುರಿಗೇ ಕೂತಿದ್ದಾರೆ. ಪಠ್ಯಕ್ರಮದಲ್ಲಿ ಬೆಲೆ ತೆರುವ ವಿದ್ಯಾರ್ಥಿ ಆ ಕೋಣೆಯಲ್ಲಿ ಇರುವುದಿಲ್ಲ.

ಆ ಕೋಣೆಯಲ್ಲಿ ನಾನು ಕೂತಿದ್ದೇನೆ. ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000ರ ವ್ಯವಸ್ಥೆಯಲ್ಲಿ ಪಠ್ಯಕ್ರಮ ಹುಟ್ಟುವುದು ಅಧ್ಯಯನ ಮಂಡಳಿಯಲ್ಲಿ. ಅಲ್ಲಿಂದ ವಿದ್ಯಾವಿಷಯಕ ಪರಿಷತ್ತಿನ ಕಡೆಗೆ ಸಾಗುತ್ತದೆ. ಒಂದು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಮಂಡಳಿಯಲ್ಲಿ ನಾನು ಸದಸ್ಯನಾಗಿದ್ದಾಗ, ಹಳಗನ್ನಡ ಕಾವ್ಯದ ಒಂದು ಪತ್ರಿಕೆಯನ್ನು ತೆಗೆದು ಎರಡು ಪತ್ರಿಕೆಗಳ ನಡುವೆ ಹಂಚಿದೆವು. ಇಡೀ ಮಧ್ಯಾಹ್ನ ವಾದ ನಡೆಯಿತು. ಹಿರಿಯರೊಬ್ಬರು ಕಣ್ಣಲ್ಲಿ ನೀರು ತುಂಬಿಕೊಂಡು ವಿರೋಧಿಸಿದರು. ನಡವಳಿಯಲ್ಲಿ ಉಳಿದದ್ದು ಒಂದೇ ಸಾಲು: ಚರ್ಚಿಸಿ ಅನುಮೋದಿಸಲಾಯಿತು. ಎರಡು ವರ್ಷದ ಮೇಲೆ, ಆ ಪತ್ರಿಕೆಯಲ್ಲಿ ಬಾಕಿ ಉಳಿಸಿಕೊಂಡಿದ್ದ ಹುಡುಗನೊಬ್ಬ ಪರೀಕ್ಷಾ ವಿಭಾಗಕ್ಕೆ ಬಂದು, ತನ್ನದಕ್ಕೆ ಸಮಾನ ಪತ್ರಿಕೆ ಯಾವುದು ಎಂದು ಕೇಳಿದ. ಎರಡರಲ್ಲಿ ಯಾವುದೂ ಪೂರ್ತಿ ಸಮಾನವಾಗಿರಲಿಲ್ಲ. ಕಡತದಲ್ಲಿ ಉತ್ತರವಿರಲಿಲ್ಲ. ಅವನು ಇನ್ನೊಂದು ಸೆಮಿಸ್ಟರ್ ಕಾಯಬೇಕಾಯಿತು. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಸಾಮಾನ್ಯ ಪದವಿ ಕಾಲೇಜುಗಳಲ್ಲಿ ಈಚೆಗೆ ಇದೇ ಪ್ರಶ್ನೆ ರಾಜ್ಯದ ಅಳತೆಯಲ್ಲಿ ಎದ್ದಿತು. 2020ರ ಜುಲೈನಲ್ಲಿ ಕೇಂದ್ರ ಸಂಪುಟ ಒಪ್ಪಿದ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಕರ್ನಾಟಕ 2021ರ ಆಗಸ್ಟ್‌ನಲ್ಲಿ, ಉಳಿದ ರಾಜ್ಯಗಳಿಗಿಂತ ಮೊದಲೇ, ಪದವಿಗೆ ಅನ್ವಯಿಸಿ ಆದೇಶ ಹೊರಡಿಸಿತು. ಮೂರು ಐಚ್ಛಿಕಗಳ ಹಳೆಯ ಜೋಡಣೆಗಳು, ಅಂದರೆ ಪಿಸಿಎಂ, ಎಚ್‌ಇಪಿ, ಎಚ್‌ಇಕೆ ಮುಂತಾದವು, ಎರಡು ವಿಷಯಗಳಿಗೆ ಇಳಿದವು. ನಾಲ್ಕನೇ ವರ್ಷದ ಆನರ್ಸ್ ಸೇರಿತು. 2023ರ ಅಕ್ಟೋಬರ್‌ನಲ್ಲಿ ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ರಚನೆಯಾಯಿತು. ಅದರ ಮಧ್ಯಂತರ ವರದಿಯ ಮೇಲೆ 2024ರ ಮೇ ತಿಂಗಳಲ್ಲಿ ಮೂರು ವರ್ಷದ ಪದವಿ, ಮೂರು ವಿಷಯ ಮತ್ತೆ ಬಂದವು. ಎರಡು ನೀತಿಗಳಲ್ಲಿ ಯಾವುದು ಮೇಲು ಎಂಬ ಚರ್ಚೆಗೆ ನಾನು ಇಲ್ಲಿ ಇಳಿಯುವುದಿಲ್ಲ. 2024-25ರ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜನ್ನು ಕಣ್ಣಮುಂದೆ ತಂದುಕೊಳ್ಳೋಣ. ಮೊದಲ ವರ್ಷದವರಿಗೆ ರಾಜ್ಯ ನೀತಿ. ಎರಡು ಮತ್ತು ಮೂರನೇ ವರ್ಷದವರಿಗೆ ರಾಷ್ಟ್ರೀಯ ನೀತಿ. ಆನರ್ಸ್ ಬಯಸಿದ ಹಿಂದಿನ ತಂಡದವರಿಗೆ ನಾಲ್ಕನೇ ವರ್ಷ. 2020ರಲ್ಲೋ ಅದಕ್ಕೂ ಮುಂಚೆಯೋ ಸೇರಿ ಬಾಕಿ ಉಳಿಸಿಕೊಂಡವರಿಗೆ ಇನ್ನೂ ಹಳೆಯ ಸಿಬಿಸಿಎಸ್, ಅಂದರೆ ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿ. ಒಂದೇ ಅರ್ಥಶಾಸ್ತ್ರಕ್ಕೆ ಒಂದೇ ವರ್ಷದಲ್ಲಿ ಮೂರು ಬಗೆಯ ಪ್ರಶ್ನೆಪತ್ರಿಕೆ ತಯಾರಾಗಬೇಕು. ಐಚ್ಛಿಕಗಳು ಮೂರರಿಂದ ಎರಡಾಗಿ ಮತ್ತೆ ಮೂರಾಗುವಾಗ ಪ್ರತಿ ವಿಭಾಗದ ಕಾರ್ಯಭಾರ ಏರಿಳಿಯುತ್ತದೆ. ಗಂಟೆಗಳ ಲೆಕ್ಕದ ಮೇಲೆಯೇ ನಿಂತಿರುವ ಅತಿಥಿ ಉಪನ್ಯಾಸಕರ ಮನೆಯ ಒಲೆಗೆ ಅದು ನೇರವಾಗಿ ತಟ್ಟುತ್ತದೆ.

ದೆಹಲಿ ವಿಶ್ವವಿದ್ಯಾಲಯ ಈ ದಾರಿಯನ್ನು ಮೊದಲೇ ನಡೆದಿತ್ತು. 2013ರಲ್ಲಿ ನಾಲ್ಕು ವರ್ಷದ ಪದವಿ ಆರಂಭಿಸಿ 2014ರ ಜೂನ್‌ನಲ್ಲಿ ವಾಪಸು ಪಡೆಯಿತು. 2022ರಲ್ಲಿ ಮತ್ತೆ ತಂದಿತು.

ಹಳೆಯದನ್ನು ಮುಗಿಸುವುದು ಹೇಗೆ ಎಂಬುದಕ್ಕೆ ಪೈಥಾನ್ ಭಾಷೆಯೇ ಒಳ್ಳೆಯ ಉದಾಹರಣೆ. 2008ರ ಡಿಸೆಂಬರ್‌ನಲ್ಲಿ ಅದರ ಮೂರನೇ ಆವೃತ್ತಿ ಬಂದಾಗ ಎರಡನೆಯದರಲ್ಲಿ ಬರೆದ ಪ್ರೋಗ್ರಾಂಗಳಲ್ಲಿ ಅನೇಕವು ಇದ್ದ ಹಾಗೇ ಓಡುತ್ತಿರಲಿಲ್ಲ. ಪ್ರಿಂಟ್ ಎಂಬ ಸಾಧಾರಣ ಆಜ್ಞೆಯನ್ನು ಬರೆಯುವ ಬಗೆಯೇ ಬದಲಾಗಿತ್ತು. ಅದನ್ನು ಬೆಳೆಸುತ್ತಿದ್ದವರು ಹಳೆಯದನ್ನು ಹೊಸದಕ್ಕೆ ಪರಿವರ್ತಿಸುವ ಸಲಕರಣೆ ಕೊಟ್ಟರು. 2010ರಲ್ಲಿ ಬಂದ 2.7 ಹಳೆಯ ಸಾಲಿನ ಕಡೆಯ ಆವೃತ್ತಿ ಎಂದು ಸಾರಿದರು. ಬೆಂಬಲ ನಿಲ್ಲುವ ವರ್ಷ 2015 ಎಂದು ಮೊದಲು ಹೇಳಿದ್ದರೂ ಜನ ಇನ್ನೂ ದಾಟಿ ಬಂದಿಲ್ಲವೆಂದು ಕಂಡು 2020ಕ್ಕೆ ಮುಂದೂಡಿದರು. 2020ರ ಜನವರಿ 1ಕ್ಕೆ ಬಾಗಿಲು ಮುಚ್ಚಿತು. ಹನ್ನೊಂದು ವರ್ಷ ಎರಡು ಪಾಠಗಳು ಜೊತೆಯಲ್ಲಿ ಬದುಕಿದವು, ಯಾವುದು ಎಲ್ಲಿಯ ತನಕ ಎಂಬುದು ಎಲ್ಲರಿಗೂ ಗೊತ್ತಿತ್ತು.

ನಮ್ಮ ಗ್ರಂಥಸಂಪಾದನಾ ಶಾಸ್ತ್ರದಲ್ಲೂ ಇದಕ್ಕೆ ದಾರಿಯಿದೆ. ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ' ಓದಿದವರಿಗೆಲ್ಲ ಗೊತ್ತಿರುವಂತೆ, ಸಂಪಾದಕ ಒಂದು ಪಾಠವನ್ನು ಸ್ವೀಕರಿಸಿದಾಗ ಕೈಬಿಟ್ಟ ಪಾಠಗಳನ್ನು ಅಡಿಟಿಪ್ಪಣಿಯಲ್ಲಿ ಪ್ರತಿಯ ಸಂಕೇತದೊಡನೆ ಕೊಡುತ್ತಾನೆ. ತಿದ್ದುವ ಅಧಿಕಾರ ಅವನಿಗಿದೆ. ತಿದ್ದಿದ್ದನ್ನು ಮರೆಮಾಚುವ ಅಧಿಕಾರ ಇಲ್ಲ. ಕನ್ನಡದಲ್ಲಿ ಪಾಠ ಎಂದರೆ ಹಸ್ತಪ್ರತಿಯ ಓದೂ ಹೌದು, ತರಗತಿಯಲ್ಲಿ ಹೇಳಿಕೊಡುವುದೂ ಹೌದು. ಮೊದಲನೆಯದಕ್ಕೆ ಪಾಠಾಂತರ ಕೊಡುವ ಮೇಷ್ಟರು ಎರಡನೆಯದಕ್ಕೂ ಕೊಡಬಲ್ಲರು. ಪ್ರತಿ ಹೊಸ ಯೋಜನೆಯ ಹಿಂದೆ ಒಂದೆರಡು ಪುಟ ಸಾಕು: ಬಿಟ್ಟದ್ದು, ಸೇರಿಸಿದ್ದು, ಜಾಗ ಬದಲಿಸಿದ್ದು, ಹಳಬರಿಗೆ ಸಮಾನ ಪತ್ರಿಕೆ, ಹಳೆಯ ಯೋಜನೆಯ ಕಡೆಯ ಪರೀಕ್ಷೆ ಯಾವ ವರ್ಷ, ಕಾರಣ.

ಪ್ರಯೋಗಕ್ಕೆಂದು ಅಂಥದೊಂದು ಪಟ್ಟಿಯನ್ನು ನಾನೇ ಹಾಕಿ ನೋಡಿದೆ. ಪೈಥಾನ್: 2015, ಆರನೇ ಸೆಮಿಸ್ಟರ್, ಐಚ್ಛಿಕ; 2018, ಐದನೇ ಸೆಮಿಸ್ಟರ್, ಕಡ್ಡಾಯ; 2022, ಮೊದಲ ವರ್ಷ, ಆಯ್ಕೆ. ಕನ್ನಡ: ಆಡಳಿತದಿಂದ ಸಾಂಸ್ಕೃತಿಕಕ್ಕೆ; ಎರಡನೇ ವರ್ಷದಿಂದ ಮೊದಲ ವರ್ಷಕ್ಕೆ. ಆಂತರಿಕ ಅಂಕ: 20, 40, 50. ಇಷ್ಟು ಕಲಂಗಳು ಅಚ್ಚಾದ ಹಾಳೆಗಳಿಂದಲೇ ತುಂಬಿದವು. ಕಾರಣದ ಕಲಂ ತುಂಬಬೇಕಾದರೆ ಆ ವರ್ಷಗಳ ಮಂಡಳಿಗಳಲ್ಲಿ ಕೂತು ವಾದಿಸಿದವರನ್ನು ಹುಡುಕಿಕೊಂಡು ಹೋಗಿ, ಅವರಿಗೆ ನೆನಪಿರುವಾಗಲೇ ಕೇಳಿ ಬರೆದುಕೊಳ್ಳಬೇಕು. ಕಣ್ಣೀರು ಹಾಕಿ ವಿರೋಧಿಸಿದ ಆ ಹಿರಿಯರ ಮನೆಯಿಂದಲೇ ನಾನು ಶುರುಮಾಡುತ್ತಿದ್ದೇನೆ.